ಮೊಳದುದ್ದದ ಹಳೆ ಎಳೆ

ಬೆಳಿಗ್ಗೆ ದೇವರ ಮುಂದೆ ವಿಭೂತಿ ತಟ್ಟೆಗೆ ಕೈಯಿಟ್ಟರೆ ಸಾಕು, ನನ್ನ ಹೆಬ್ಬೆರಳು ತೋರುಬೆರಳು ನನ್ನನ್ನು ಕೇಳದೆ ಒಂದನ್ನೊಂದು ಉಜ್ಜತೊಡಗುತ್ತವೆ. ಹಣೆಗೆ ಹೋಗಬೇಕಾದದ್ದು ನೆಲಕ್ಕೆ ಉದುರುತ್ತದೆ. "ದೇವ್ರಿಗೂ ನಶ್ಯ ಹಾಕ್ತಿದ್ದೀಯೇನೇ?" ಎಂದು ನಮ್ಮೆಜಮಾನರು ಇವತ್ತೂ ಛೇಡಿಸಿದರು. ಯಳಂದೂರಿಗೆ ಮದುವೆಯಾಗಿ ಬಂದು ತಲೆ ನರೆತರೂ ಈ ಬೆರಳುಗಳು ಮಾತ್ರ ತವರನ್ನು ಬಿಟ್ಟು ಬಂದಿಲ್ಲ. ನಾನೇನು ಮಾಡಲಿ, ನೀವೇ ಹೇಳಿ.

ತವರು ಕೊಳ್ಳೇಗಾಲ, ನೇಕಾರರ ಬೀದಿ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಎಳೆ ಹೊಸೆಯುವುದು ಬರುತ್ತಿತ್ತು. ಮಗ್ಗದ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದಾಗ ಸೀರೆಯನ್ನು ಕತ್ತರಿಸಿ ತೆಗೆಯುತ್ತಾರಲ್ಲ, ಆಗ ಹಣಿಗೆಯ, ಅಂದರೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಚೌಕಟ್ಟಿನ, ಸಂದುಗಳಲ್ಲಿ ಮೊಳದುದ್ದ ಹಳೆ ಎಳೆಗಳನ್ನು ಹಾಗೇ ಬಿಡುತ್ತಾರೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಒಂದೊಂದು ಹಳೆ ಎಳೆಗೂ ಒಂದೊಂದು ಹೊಸ ಎಳೆಯನ್ನು ಹೊಸೆದು ಎಳೆದರೆ ಹೊಸ ಹಾಸು ಅದರ ಹಿಂದೆಯೇ ಬಂದುಬಿಡುತ್ತದೆ. ಆ ತುದಿ ಇಲ್ಲವೋ, ಮುಗಿಯಿತು ಕಥೆ. ಇಬ್ಬರು ಎದುರುಬದುರು ಕೂತು, ಎಳೆ ಎಳೆಯನ್ನೂ ಸಂದಿಯೊಳಗೆ ಹೊಸದಾಗಿ ಪೋಣಿಸಬೇಕು. ಅದಕ್ಕೇ ಮಗ್ಗ ವರ್ಷಗಟ್ಟಲೆ ನಿಂತರೂ ಆ ತುದಿಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಮ್ಮ ಚಿಕ್ಕಪ್ಪ ಮುಟ್ಟಿದರು. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆದ ದಿನ ಮನೆಮಂದಿಗೆಲ್ಲ ಮೈಸೂರುಪಾಕು ಹಂಚಿ, ಕತ್ತರಿ ಹಿಡಿದು, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗೆ ಇಳಿದರು.

"ಅಯ್ಯೋ, ತುದಿ ಬುಡಿ! ನಾಳೀಕೆ ಬೇಕಾಯ್ತದೆ" ಎಂದು ಚಿಕ್ಕಮ್ಮ ಅಡುಗೆಮನೆಯಿಂದ ಓಡಿಬಂದರು.

"ಇನ್ನೆಲ್ಲಿ ನಾಳೀಕೆ? ಈ ಗುಂಡಿ ಒಳಕ್ಕೆ ನಾನಿನ್ನು ಕಾಲಿಕ್ಕಲ್ಲ ಕಣಮ್ಮಿ" ಎಂದವರೇ ಕತ್ತರಿಸಿಬಿಟ್ಟರು.

ನಾನಾಗ ಲಂಗ ತೊಟ್ಟ ಹುಡುಗಿ. ಇನ್ನೊಂದು ಮೈಸೂರುಪಾಕು ಸಿಗುತ್ತದೋ ಇಲ್ಲವೋ ಎಂಬುದೇ ನನ್ನ ಚಿಂತೆ. ಚಿಕ್ಕಮ್ಮ ನೆಲದ ಮೇಲೆ ಉದುರಿದ ಎಳೆಗಳನ್ನು ಆರಿಸುತ್ತಾ ಯಾಕೆ ಅತ್ತರೆಂದು ತಿಳಿಯಲು ನಾನೂ ಒಂದು ಸಂಸಾರ ಮಾಡಬೇಕಾಯಿತು. ಆ ಮಗ್ಗದಲ್ಲಿ ಅವರದೂ ಪಾಲಿತ್ತು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕೆಲಸ ಒಳ್ಳೆಯದೇ. ತಿಂಗಳ ಸಂಬಳ ಬಂತು, ಮನೆಗೆ ತಾರಸಿ ಬಂತು. ಗುಂಡಿಯ ಮೇಲೆ ಹಲಗೆ ಹಾಸಿ ಅದರ ಮೇಲೆ ಅಕ್ಕಿ ಮೂಟೆ ಪೇರಿಸಿದರು. ಚಿಕ್ಕಮ್ಮ ಬೇರೆಯವರ ಮನೆಗಳಿಗೆ ಎಳೆ ಹೊಸೆಯಲು ಹೋಗತೊಡಗಿದರು. ಚಿಕ್ಕಪ್ಪನೋ, ಮದುವೆ ಮನೆಯಲ್ಲಿ ಯಾರ ಸೆರಗು ಕಂಡರೂ ಬೆರಳಲ್ಲಿ ಹಿಡಿದು ನೋಡುವುದು. ಹೆಂಗಸರಿಂದ ಬೈಸಿಕೊಂಡದ್ದೂ ಉಂಟು. ನಾವೆಲ್ಲ ನಕ್ಕೆವು. ಈಗ ನೆನೆದರೆ ನಗು ಬರುವುದಿಲ್ಲ.

ಅವರು ನಿವೃತ್ತರಾದ ಮೇಲಿನ ಗೌರಿ ಹಬ್ಬಕ್ಕೆ ನಾನು ತವರಿಗೆ ಹೋದಾಗ ಅಕ್ಕಿ ಮೂಟೆಗಳು ನಡುಮನೆಗೆ ಬಂದಿದ್ದವು. ಚಿಕ್ಕಪ್ಪ ದಪ್ಪ ಕನ್ನಡಕ ಹಾಕಿಕೊಂಡು ಗುಂಡಿಯಲ್ಲಿ ಕೂತಿದ್ದರು.

"ಎಳೆ ಕೊಡು ಬಾ ಮಗ. ನಿಮ್ಮ ಚಿಕ್ಕಮ್ಮುನ್ನ ಕರ್ಯಕ್ಕೆ ನಂಗೆ ಮಖ ಇಲ್ಲ."

ಕೊಟ್ಟೆ. ಅವರು ಪೋಣಿಸುವುದು, ತಪ್ಪುವುದು, ಬಿಚ್ಚುವುದು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬೆರಳಗಲವೂ ಆಗಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಅಂದರು: "ಫ್ಯಾಕ್ಟ್ರೀಗ್ ಓಗಿದ್ದು ತಪ್ಪಲ್ಲ ಕಣವ್ವ. ಒಟ್ಟೆ ತುಂಬ್ತು. ಓಗೋವಾಗ ಕತ್ತರಿಸ್ಬುಟ್ಟೆನಲ್ಲಾ, ಅದು ಈಗ್ಲೂ ಒಟ್ಟೆ ಉರಿಸ್ತದೆ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನಿಗೂ ಅದು ಕೇಳಿಸಿತು. ಸೆರಗು ಸಿಕ್ಕಿಸಿಕೊಂಡು ಬಂದು, "ಏಳು ಮಗಾ, ನಿನ್ ಕೈಲಿ ಆಗಲ್ಲ" ಎಂದು ನನ್ನನ್ನು ಎಬ್ಬಿಸಿ ನನ್ನ ಜಾಗದಲ್ಲಿ ಕೂತರು. ಗಂಡನ ಮುಖ ನೋಡಲಿಲ್ಲ. ಎಳೆ ಮಾತ್ರ ಕೊಡುತ್ತಾ ಹೋದರು. ಇಷ್ಟು ಹತ್ತಿರ ಎದುರುಬದುರು ಅವರಿಬ್ಬರನ್ನು ನಾನು ಅದಕ್ಕೆ ಮುಂಚೆ ನೋಡಿರಲೇ ಇಲ್ಲ. ಅಳು ಬಂದು ಹಿತ್ತಲಿಗೆ ಹೋದೆ.

ಅವರಿಬ್ಬರಿಗೆ ಸಿಕ್ಕಿದ್ದು ಒಂದೇ ಹಾಸು. ಅದು ಮುಗಿಯುವ ಹೊತ್ತಿಗೆ ಚಿಕ್ಕಪ್ಪನೂ ಮುಗಿದರು. ಇನ್ನೊಂದಿಷ್ಟು ಮುಂಚೆ ಮೂಟೆ ಎತ್ತಬಾರದಿತ್ತೇ ಎಂದು ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ. ಸತ್ತವರ ಮೇಲಿನ ಸಿಟ್ಟನ್ನು ಯಾರ ಹತ್ತಿರ ತೀರಿಸಿಕೊಳ್ಳುವುದು?

ಇಷ್ಟೆಲ್ಲ ಯೋಚಿಸುತ್ತಾ ಬೂದಿ ಚೆಲ್ಲುತ್ತಿದ್ದಾಗಲೇ ಫೋನ್ ಬಂತು. ಚಿಕ್ಕಮ್ಮ.

"ಹೊಸಾ ಹಾಸು ತರಿಸಿವ್ನಿ. ಹೊಸ್ಯಕ್ ಬತ್ತೀಯಾ?"

"ತುದಿ ಇದೆಯಾ ಚಿಕ್ಕಮ್ಮ?"

"ಐತೆ. ಕತ್ತರಿ ಮನೇಲೇ ಇಕ್ಬೇಡ ಅಂತ ಏಳ್ಬುಟ್ಟು ಓದ್ರು ನಿಮ್ಮ ಚಿಕ್ಕಪ್ಪ."

"ನೇಯೋರು ಯಾರು?"

"ಯಾರು ಅಂದ್ರೆ? ನಾನೇಯಾ. ಅವ್ರಿವ್ರಿಗೆ ಹೊಸ್ಕೊಟ್ಟಿದ್ದು ಸಾಕು. ಗುಂಡಿಗಿಳ್ಯಕ್ಕೆ ಒಸಿ ಕೈ ಇಡ್ಕೊ ಬಾ."

ಮಧ್ಯಾಹ್ನವೇ ಕೊಳ್ಳೇಗಾಲದ ಬಸ್ಸು ಹತ್ತಿದೆ. ಚಿಕ್ಕಮ್ಮನನ್ನು ಎರಡೂ ಕೈ ಹಿಡಿದು ಗುಂಡಿಗೆ ಇಳಿಸಿದೆ. ಬೂದಿ ಮುಟ್ಟಿಕೊಂಡು, ಚಿಕ್ಕಪ್ಪ ಬಿಟ್ಟುಹೋದ ಮೊದಲ ಎಳೆಗೆ ಹೊಸದನ್ನು ಹೊಸೆದೆ.

"ಎಳ್ದು ನೋಡು" ಎಂದರು ಚಿಕ್ಕಮ್ಮ.

ಎಳೆದೆ. ಹಿಡಿದುಕೊಂಡಿತ್ತು.