ಎರಡು ಚಕ್ರಕ್ಕೂ ಒಂದೇ ಪೆಡಲು

ಜಯಪಾಲ ಶೆಟ್ಟಿಯ ಬಲಗೈಗೆ ಪೆಟ್ಟಾದದ್ದು ಎಪ್ಪತ್ತಾರರ ಬೇಸಿಗೆಯಲ್ಲಿ. ಕಾವೂರಿನ ಹತ್ತಿರ ಟಯರು ಒಡೆದು ನಿಂತಿದ್ದ ಲಾರಿಯ ಡ್ರೈವರ್ ಒಬ್ಬನೇ ಒದ್ದಾಡುವುದನ್ನು ಕಂಡು ಬೈಕ್ ನಿಲ್ಲಿಸಿ ಕೈಜೋಡಿಸಲು ಹೋಗಿದ್ದ. ಜಾಕ್ ಜಾರಿತು. ಹೆಬ್ಬೆರಳು, ತೋರುಬೆರಳು ಸರಿಯಾಗಿ ಉಳಿದವು. ಮಿಕ್ಕ ಮೂರು ಬೆರಳುಗಳ ಗಾಯ ಮಾಗಿತಾದರೂ ಅವನ್ನು ಮತ್ತೆ ಮಡಚಲು ಆಗಲಿಲ್ಲ.

ಅವನ ಕೆಲಸವೇ ಬೈಕಿನದ್ದು. ಬೊಂಬಾಯಿಯಿಂದ ವಿಮಾನದಲ್ಲಿ ಬರುವ ಮದ್ದಿನ ಪೆಟ್ಟಿಗೆಗಳನ್ನು ಬಜಪೆಯ ವಿಮಾನ ನಿಲ್ದಾಣದಿಂದ ಅತ್ತಾವರದ ಔಷಧಿ ಅಂಗಡಿಗೆ ತಂದು ಮುಟ್ಟಿಸಬೇಕು. ಕೆಲವು ಮದ್ದುಗಳು ಐಸಿನ ನಡುವೆ ಬರುತ್ತಿದ್ದವು. ಬಸ್ಸಿಗೆ ಕಾದು ಕೂತರೆ ಆಗುವುದಿಲ್ಲ. ಬೆಳಿಗ್ಗೆ ಜೆಪ್ಪುವಿನ ಮನೆಯಿಂದ ಹೊರಡುವಾಗ ಹೆಂಡತಿ ಶಶಿಪ್ರಭಾ ಹಿಂದೆ ಕೂರುತ್ತಿದ್ದಳು. ಅವಳು ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳನ್ನು ಗೇಟಿನಲ್ಲಿ ಇಳಿಸಿ ಅವನು ಬಜಪೆಯ ದಾರಿ ಹಿಡಿಯುತ್ತಿದ್ದ.

ಆಗಿನ ಬುಲೆಟ್ಟಿನಲ್ಲಿ ಮುಂದಿನ ಬ್ರೇಕು ಬಲಗೈಗೆ, ಹಿಂದಿನದ್ದು ಎಡಗಾಲಿಗೆ. ಗುಣವಾಗಿ ಮತ್ತೆ ಬೈಕ್ ಹತ್ತಿದಾಗ ಜಯಪಾಲನಿಗೆ ಎಕ್ಸಿಲೇಟರ್ ತಿರುಗಿಸುವುದು ಕಷ್ಟವಾಗಲಿಲ್ಲ. ಆದರೆ ಮುಂದಿನ ಬ್ರೇಕಿನ ಹಿಡಿಯನ್ನು ಒತ್ತುವ ಬಲ ಆ ಕೈಯಲ್ಲಿ ಉಳಿದಿರಲಿಲ್ಲ. ಬರೀ ಕಾಲಿನ ಬ್ರೇಕಿನಲ್ಲೇ ಸುಧಾರಿಸತೊಡಗಿದ. ಜೋರಾಗಿ ತುಳಿದರೆ ಹಿಂದಿನ ಚಕ್ರ ತಿರುಗದೆ ಬಿಗಿದು ಬದಿಗೆ ಎಳೆಯುತ್ತಿತ್ತು. ಮೆತ್ತಗೆ ತುಳಿದರೆ ಗಾಡಿ ನಿಲ್ಲುತ್ತಲೇ ಇರಲಿಲ್ಲ. ಇಳಿಜಾರು ಕಂಡರೆ ದೂರದಿಂದಲೇ ಗೇರು ಇಳಿಸಿ ತೆವಳುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹಿಂದೆ ಕೂತವಳಿಗೆ ಹೇಳದೆಯೂ ಗೊತ್ತಾಗಿತ್ತು.

"ನೀವು ಹೀಗೆಯೇ ಬಿಟ್ಟರೆ ಆಗುವುದಿಲ್ಲ. ಜೆರೋಮ್ ಪೊರ್ಬುಗಳ ಹತ್ತಿರ ಒಮ್ಮೆ ಕೇಳಿ ನೋಡಿ" ಅಂದಳು ಅವಳು.

ಜೆರೋಮ್ ಪೊರ್ಬುವಿನದು ಜೆಪ್ಪುವಿನಲ್ಲಿ ಹಳೆಯ ಗ್ಯಾರೇಜು. ಅವನು ಜಯಪಾಲನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಲು ನೋಡಿ, ಮತ್ತೆ ಬೈಕಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಕೈಯಲ್ಲಿ ಆಗದಿದ್ದರೆ ಕಾಲಿಗೇ ಎರಡನ್ನೂ ಕೊಡುವ ಶೆಟ್ರೇ. ಪೆಡಲು ಒಂದೇ, ಒತ್ತಿದರೆ ಎರಡು ಚಕ್ರವೂ ಹಿಡಿಯಬೇಕು."

"ಹಾಗೆ ಮಾಡಿದ್ದುಂಟಾ ನೀವು?"

"ಇಲ್ಲ. ಮಾಡಿ ನೋಡುವ."

ಪೆಡಲಿಗೆ ಅವನು ತಕ್ಕಡಿಯ ಕೋಲಿನಂಥ ಒಂದು ಕಬ್ಬಿಣದ ಪಟ್ಟಿ ಜೋಡಿಸಿದ. ಪಟ್ಟಿಯ ಒಂದು ತುದಿಯ ತಂತಿ ಹಿಂದಿನ ಬ್ರೇಕಿಗೆ, ಇನ್ನೊಂದು ತುದಿಯದ್ದು ಮುಂದಿನ ಬ್ರೇಕಿಗೆ. ಪೆಡಲು ನಡುವಿನಿಂದ ಎಳೆದಾಗ ಎರಡಕ್ಕೂ ಸಮಪಾಲು.

ಮೊದಲ ದಿನ ಜೆಪ್ಪುವಿನ ರಸ್ತೆಯಲ್ಲಿ ಒತ್ತಿ ನೋಡಿದಾಗ ಜಯಪಾಲನಿಗೆ ವಿಚಿತ್ರವೆನಿಸಿತು. ಕೈ ಸರಿಯಿದ್ದ ಕಾಲದಲ್ಲಿ ಮುಂದಿನ ಬ್ರೇಕು ಹಿಡಿದರೆ ಗಾಡಿ ಮೂಗು ತಗ್ಗಿಸುತ್ತಿತ್ತು. ರಸ್ತೆ ಒದ್ದೆಯೋ, ಮರಳೋ, ಹಿಡಿಯ ಮೇಲಿನ ಬೆರಳುಗಳಿಗೆ ತಿಳಿಯುತ್ತಿತ್ತು. ಎಷ್ಟು ಬೇಕೋ ಅಷ್ಟೇ ಹಿಡಿಯಬಹುದಿತ್ತು. ಈಗ ಗಾಡಿ ಮೂಗನ್ನು ಅಷ್ಟು ತಗ್ಗಿಸದೆ ಇಡೀ ಮೈಯನ್ನು ಕೆಳಗಿಳಿಸಿ ಕೂತ ಹಾಗೆ ನಿಂತಿತು. ನಿಂತದ್ದು ಚೆನ್ನಾಗಿಯೇ ನಿಂತಿತು. ಆದರೆ ನಿಲ್ಲಿಸಿದ್ದು ತಾನಲ್ಲ ಎಂಬ ಹಾಗೆ, ಇನ್ಯಾರೋ ಬಿಡುವ ಬಸ್ಸಿನಲ್ಲಿ ಕೂತ ಹಾಗೆ ಅವನಿಗಾಯಿತು. ಮುಂದಿನ ಚಕ್ರಕ್ಕೆ ಮಾತ್ರ ಬ್ರೇಕು ಬೇಡ ಅನ್ನುವ ದಾರಿಯೇ ಇರಲಿಲ್ಲ.

ಅದರ ಅರ್ಥ ಆ ವಾರವೇ ತಿಳಿಯಿತು. ಆಸ್ಪತ್ರೆಯ ಗೇಟಿನೆದುರು ರಸ್ತೆ ರಿಪೇರಿಗೆ ಜಲ್ಲಿ ಹರಡಿದ್ದರು. ತಿರುಗಿಸುತ್ತ ಅಭ್ಯಾಸದಂತೆ ಪೆಡಲು ತುಳಿದ; ಮುಂದಿನ ಚಕ್ರವೂ ಹಿಡಿದು ಜಲ್ಲಿಯ ಮೇಲೆ ಜಾರಿತು. ಇಬ್ಬರೂ ಬಿದ್ದರು. ಶಶಿಪ್ರಭಾಳ ಮೊಣಕಾಲು ತರಚಿ ಬಿಳಿ ಸೀರೆಗೆ ರಕ್ತ ಹತ್ತಿತು. ಅವಳು ಎದ್ದು ಸೀರೆ ಕೊಡವಿ, ಮೊದಲು ಅವನ ಕೈಯನ್ನು ನೋಡಿದಳು. ಮತ್ತೆ ಒಳಗೆ ಹೋಗಿ ತನ್ನ ಗಾಯಕ್ಕೆ ತಾನೇ ಮದ್ದು ಹಚ್ಚಿಕೊಂಡು ಕೆಲಸಕ್ಕೆ ನಿಂತಳು.

ಸಂಜೆ ಜಯಪಾಲ ಹೇಳಿದ, "ನಾಳೆ ಅದನ್ನು ತೆಗೆಸ್ತೇನೆ. ಗಾಡಿಯನ್ನೂ ಮಾರುವ. ಬೇರೆ ಎಂತಾದರೂ ಕೆಲಸ ನೋಡ್ತೇನೆ."

ಶಶಿಪ್ರಭಾ ಗಂಜಿ ಬಡಿಸುತ್ತಿದ್ದಳು. "ನೀವು ಬಿದ್ದದ್ದು ಒಂದು ಸಲ. ಈ ನಾಲ್ಕು ದಿನದಲ್ಲಿ ಉಳಿದ ಕಡೆಯೆಲ್ಲ ಹೇಗೆ ನಿಂತದ್ದೆಂದು ನಿಮಗೆ ಗೊತ್ತುಂಟಾ? ಮೊದಲು ನೀವು ಬ್ರೇಕು ಹಾಕಿದರೆ ನನ್ನ ಹಣೆ ನಿಮ್ಮ ಬೆನ್ನಿಗೆ ಬಡಿಯುತ್ತಿತ್ತು. ಪೆಟ್ಟಾದ ಮೇಲಂತೂ ಹಿಂದಿನ ಚಕ್ರ ನನ್ನ ಅಡಿಯಲ್ಲೇ ಹಾವಿನ ಹಾಗೆ ಹರಿದಾಡುತ್ತಿತ್ತು. ನಾನು ಸೀಟಿನ ಪಟ್ಟಿ ಹಿಡಿದು ಕೂರುತ್ತಿದ್ದೆ. ಈಗ ಅದನ್ನು ಹಿಡಿಯುವುದೇ ಬೇಡ. ತೆಗೆಸುವುದಾದರೆ ನಾನು ಬಸ್ಸಿನಲ್ಲೇ ಹೋಗ್ತೇನೆ."

ಅವಳು ಇಷ್ಟು ದಿನ ಹೆದರಿಕೊಂಡೇ ತನ್ನ ಹಿಂದೆ ಕೂತಿದ್ದಳೆಂದು ಅವನಿಗೆ ತಿಳಿದದ್ದು ಆಗಲೇ.

ಮರುದಿನ ಇಬ್ಬರೂ ಗ್ಯಾರೇಜಿಗೆ ಹೋದರು. ಜೆರೋಮ್ ಪೂರ್ತಿ ಕೇಳಿಸಿಕೊಂಡು, "ಸಮಪಾಲು ಕೊಟ್ಟದ್ದು ನನ್ನ ತಪ್ಪು" ಅಂದ. ಪಟ್ಟಿಯಲ್ಲಿ ಹಿಂದಿನ ತಂತಿಯ ಕಡೆಗೆ ಸರಿಸಿ ಹೊಸ ತೂತು ಕೊರೆದು ಪೆಡಲನ್ನು ಅಲ್ಲಿಗೆ ಕಟ್ಟಿದ. ಈಗ ಹಿಂದಿನ ಚಕ್ರಕ್ಕೆ ಹೆಚ್ಚು ಪಾಲು, ಮುಂದಿನದಕ್ಕೆ ಕಡಿಮೆ. ಮುಂದಿನ ಬ್ರೇಕಿಗೆ ಇನ್ನಷ್ಟು ಗಟ್ಟಿ ಸ್ಪ್ರಿಂಗು ಹಾಕಿದ್ದರಿಂದ ಮೆಲ್ಲಗೆ ಒತ್ತಿದರೆ ಹಿಂದಿನದ್ದು ಮಾತ್ರ ಹಿಡಿಯುತ್ತಿತ್ತು. ಇನ್ನಷ್ಟು ಒತ್ತಿದರೆ ಮಾತ್ರ ಮುಂದಿನದ್ದು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಮೈದಾನಕ್ಕೆ ಹೋದರು. ಅವನು ಬಿಟ್ಟ, ಒತ್ತಿದ, ನಿಲ್ಲಿಸಿದ. ಹಿಂದಿನಿಂದ ಅವಳು "ಈಗ ಮುಂದಿನದ್ದೂ ಹಿಡಿಯಿತು", "ಈಗ ಇಲ್ಲ" ಎಂದು ಹೇಳುತ್ತಿದ್ದಳು. ಫುಟ್ಬಾಲ್ ಆಡಲು ಬಂದವರು ನಿಂತು ನೋಡಿದರು. ಬಿಸಿಲೇರುವ ಹೊತ್ತಿಗೆ ಅವಳು ಹೇಳುವ ಮೊದಲೇ ಅವನ ಪಾದಕ್ಕೆ ತಿಳಿಯತೊಡಗಿತ್ತು. ಬೆರಳು ಕಲಿತಿದ್ದನ್ನು ಪಾದವೂ ಕಲಿಯುತ್ತದೆಂದು ಅವನು ಎಣಿಸಿರಲಿಲ್ಲ. ಜಲ್ಲಿ ಕಂಡಲ್ಲಿ ತಿರುಗುವ ಮೊದಲೇ ವೇಗ ಇಳಿಸಿ, ತಿರುಗುವಾಗ ಪೆಡಲು ಮುಟ್ಟಬಾರದೆಂಬುದನ್ನೂ ರೂಢಿಸಿಕೊಂಡ.

ಆ ಮಳೆಗಾಲದಲ್ಲಿ ಬಜಪೆಯಿಂದ ಪೆಟ್ಟಿಗೆ ಕಟ್ಟಿಕೊಂಡು ಮರವೂರು ಸೇತುವೆಯ ಕಡೆಗೆ ಇಳಿಯುತ್ತಿದ್ದಾಗ, ತಿರುವು ದಾಟಿದೊಡನೆ ಎದುರಿಗೆ ಕೆಟ್ಟು ನಿಂತ ಬಸ್ಸು. ರಸ್ತೆ ಒದ್ದೆ. ಯೋಚಿಸಲು ಹೊತ್ತಿರಲಿಲ್ಲ. ಪಾದ ಮೊದಲು ಮೆಲ್ಲಗೆ, ಮತ್ತೆ ಬಲವಾಗಿ ಒತ್ತಿತು. ಗಾಡಿ ಅತ್ತಿತ್ತ ಹೊರಳದೆ, ನೆಟ್ಟಗೆ, ತಗ್ಗಿ ಕೂರುತ್ತಾ ಬಂದು ಬಸ್ಸಿನ ಏಣಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಬಸ್ಸಿನ ಕಂಡಕ್ಟರ್ ಬೀಡಿ ಸೇದುತ್ತ, "ಎಂತ ಮಾರಾಯ್ರೆ, ಬ್ರೇಕು ಭಾರೀ ಉಂಟಲ್ಲ" ಅಂದ. ಜಯಪಾಲ ಪೆಟ್ಟಿಗೆಯ ಹಗ್ಗ ಮುಟ್ಟಿ ನೋಡಿ, ಬಸ್ಸನ್ನು ಬಳಸಿ ಮುಂದೆ ಹೋದ.

ಮತ್ತೆ ಹತ್ತು ಹನ್ನೆರಡು ವರ್ಷ ಅವನು ಅದೇ ಕೆಲಸ ಮಾಡಿದ. ಎಂಬತ್ತಾರರಲ್ಲಿ ಬಂದರಿನಿಂದ ಕಾಸಿಂ ಎಂಬ ಮೀನಿನ ವ್ಯಾಪಾರಿ ಮನೆ ಹುಡುಕಿಕೊಂಡು ಬಂದ. ದೋಣಿಯ ಹಗ್ಗಕ್ಕೆ ಸಿಕ್ಕಿ ಅವನ ಬಲಗೈಯ ಹಿಡಿತ ಹೋಗಿತ್ತು.

"ನಿಮ್ಮ ಗಾಡಿಯ ವಿಷಯ ಕೇಳಿದೆ ಶೆಟ್ರೇ. ಅದು ಹೇಗಾಗ್ತದೆ, ಒತ್ತಿದಾಗ?"

ಜಯಪಾಲ ಹೇಳಲು ಹೊರಟು ನಿಲ್ಲಿಸಿದ. "ಬಾಯಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ ಸಾಯ್ಬರೇ. ಹಿಂದೆ ಕೂತುಕೊಳ್ಳಿ."

ಶಶಿಪ್ರಭಾ ಬಾಗಿಲಿಗೆ ಬಂದು, "ಸೀಟಿನ ಪಟ್ಟಿ ಹಿಡಿಯುವುದು ಬೇಡ, ಕೈ ಬಿಟ್ಟೇ ಕೂತುಕೊಳ್ಳಿ, ಆಗ ತಿಳಿಯುತ್ತದೆ" ಅಂದಳು. ಕಾಸಿಂ ಅನುಮಾನದಿಂದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಜಯಪಾಲ ಗಾಡಿಗೆ ಒದ್ದು ಸ್ಟಾರ್ಟ್ ಮಾಡಿದ. ಇಬ್ಬರೂ ಜೆರೋಮನ ಗ್ಯಾರೇಜಿನ ಕಡೆಗೆ ನಿಧಾನವಾಗಿ ಇಳಿದುಹೋದರು.