ತಿದ್ದಪ್ಪನವರ ವಿಮೆ ಮತ್ತು ಒಂದು ಗುಡಿಸು

ಅಚ್ಚುಕೂಟದಲ್ಲಿ ಎಲ್ಲರೂ ಅವರನ್ನು ತಿದ್ದಪ್ಪ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವುದು ಕೆಲಸ, ಹೆಸರು ಅಲ್ಲಿಂದ ಬಂತು. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಮಾತ್ರೆ ಡಬ್ಬಿಯ ಚೀಟಿ, ಕರೆಯೋಲೆ, ಕರೆಂಟ್ ಬಿಲ್ಲು, ಎಲ್ಲದರ ಮೇಲೂ ಕೆಂಪು ಗೀಟು. ಇವರು ತಿದ್ದದೆ ಬಿಟ್ಟಿರುವುದು ನನ್ನೊಬ್ಬಳನ್ನೇ ಎಂದು ಹೆಂಡತಿ ನಗುತ್ತಿದ್ದಳು.

ಇಂಥವರಿಗೆ ಒಮ್ಮೆ ಎಂಟು ತಿಂಗಳು ಒಂದೇ ಒಂದು ತಪ್ಪೂ ಕಾಣಲಿಲ್ಲ. ಬೆಳಿಗ್ಗೆ ಕೈಗೆತ್ತಿಕೊಂಡ ಪುಟ ಮಧ್ಯಾಹ್ನವೂ ಹಾಗೇ ಇರುತ್ತಿತ್ತು. ಆಮೇಲೆ ಹಾಸಿಗೆಯಿಂದ ಏಳುವುದೂ ನಿಂತಿತು. ಡಾಕ್ಟರು ಖಿನ್ನತೆ ಎಂದರು. ಮನೆಯಲ್ಲಿ ಆ ಪದ ಆಡಲಿಲ್ಲ, 'ಆ ಎಂಟು ತಿಂಗಳು' ಎಂದರೆ ಸಾಕಿತ್ತು. ಹೆಂಡತಿ ಶಾಲೆಯ ಕೆಲಸ ಬಿಟ್ಟು ಮನೆಯಲ್ಲಿ ನಿಂತಳು. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಳು. ಅಷ್ಟಕ್ಕೆ ಬಿಡದೆ ಅಚ್ಚುಕೂಟದಿಂದ ಕರಡು ತರಿಸಿ, ಮಂಚದ ಪಕ್ಕ ಕೂತು, ಮೂಲಪ್ರತಿಯನ್ನು ಅಲ್ಪವಿರಾಮ ಪೂರ್ಣವಿರಾಮ ಸಮೇತ ಜೋರಾಗಿ ಓದುತ್ತಿದ್ದಳು. ಒಂದು ದಿನ ಅವರು ಗೋಡೆಯ ಕಡೆಯಿಂದ ಹೊರಳಿ, ಕರಡಿನ ಹಾಳೆ ಇಸಿದುಕೊಂಡು, ಇಲ್ಲಿ ಕೊಂಬು ಬಿಟ್ಟಿದ್ದಾರೆ ನೋಡು ಎಂದರು. ಅವಳು ಅಡುಗೆಮನೆಗೆ ಹೋಗಿ ಅತ್ತಳು.

ಗುಣವಾಗಿ ಒಂಬತ್ತು ವರ್ಷದ ಮೇಲೆ ವಿಮೆಯ ಮಾತು ತೆಗೆದವರು ಅವರೇ. ಮಕ್ಕಳಿಲ್ಲ. ತನಗಾಗಿ ಕೆಲಸ ಬಿಟ್ಟವಳು ತಾನು ಹೋದ ಮೇಲೆ ಯಾರ ಬಾಗಿಲಲ್ಲೂ ನಿಲ್ಲಬಾರದು ಎಂಬುದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹೆಂಡತಿಯ ತಮ್ಮ ವಿಮಾ ಏಜೆಂಟ್. ಅರ್ಜಿ ತಂದವನೇ ಒಂದು ಸಾಲಿನ ಮೇಲೆ ಬೆರಳಿಟ್ಟ: 'ಮಾನಸಿಕ ಕಾಯಿಲೆ ಇದೆಯೇ/ಇತ್ತೇ? ಹೌದು/ಇಲ್ಲ.'

"ಇಲ್ಲ ಅಂತ ಟಿಕ್ ಹಾಕಿ ಭಾವ. ಹಳೇ ಕಥೆ, ಯಾರು ಕೆದಕ್ತಾರೆ?"

ನಾಳೆ ಹೆಚ್ಚುಕಮ್ಮಿ ಆದಾಗ ಕಂಪನಿಯವರು ಕೆದಕದೆ ಬಿಡುತ್ತಾರಾ, ಸುಳ್ಳು ಬರೆದಿದ್ದರು ಎಂದು ಕೈಯೆತ್ತಿದರೆ ಏನು ಗತಿ ಎಂದು ಅಕ್ಕ ಕೇಳಿದಳು. ತಿದ್ದಪ್ಪನವರು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಇದು ಒಂದು ಪ್ರಶ್ನೆ ಅಲ್ಲ ಕಣಯ್ಯಾ, ಎರಡು. ಇದೆಯೇ ಅಂದ್ರೆ ಇಲ್ಲ. ಇತ್ತೇ ಅಂದ್ರೆ ಹೌದು."

ಕೆಂಪು ಪೆನ್ನು ತೆಗೆದು ಪ್ರಶ್ನೆಯನ್ನು ಸೀಳಿ ಎರಡು ಮಾಡಿ, ಎರಡಕ್ಕೂ ಉತ್ತರ ಬರೆದರು. ಹತ್ತು ದಿನಕ್ಕೆ ಅರ್ಜಿ ವಾಪಸು ಬಂತು, ಮುದ್ರಿತ ಪ್ರಶ್ನೆ ತಿದ್ದುವಂತಿಲ್ಲ ಎಂದು. ತುಂಬಿ ಅಂತ ಕೊಟ್ಟರೆ ಮೇಷ್ಟ್ರ ಹಾಗೆ ತಿದ್ದಿ ಕಳಿಸಿದ್ದೀರಲ್ಲ ಭಾವ ಎಂದು ತಲೆ ಚಚ್ಚಿಕೊಂಡ ತಮ್ಮ. ಹೊಸ ಅರ್ಜಿಯಲ್ಲಿ 'ಹೌದು' ಎಂದು ಗುರುತು ಹಾಕಿ, ಈಗ ಪೂರ್ತಿ ಗುಣವಾಗಿದ್ದಾರೆ ಎಂಬ ಡಾಕ್ಟರ ಪತ್ರ ಲಗತ್ತಿಸಿದರು.

ಆರು ವಾರದ ಮೇಲೆ ಬಂದ ಉತ್ತರದಲ್ಲಿ ಒಂದೇ ಸಾಲು: 'ನಿಮ್ಮ ಅರ್ಜಿಯನ್ನು ಪರಿಶೀಲಿಸಿ ಒಪ್ಪಲಾಗದೆ'. ಕೆಳಗೆ ಸಹಿ, ಮೊಹರು.

ಒಂದು ಗುಡಿಸು ಬಿದ್ದುಹೋಗಿದೆ ಅಷ್ಟೆ, 'ಒಪ್ಪಲಾಗಿದೆ' ಅಂತ ಓದಿಕೊಳ್ಳಿ ಎಂದ ತಮ್ಮ. ಅಲ್ಲ, 'ಒಪ್ಪಲಾಗದೆ' ಸರಿಯಾಗೇ ಇದೆ, ಮುಂದೇನೋ ಇರಬೇಕು ಎಂದಳು ಅಕ್ಕ. ಪತ್ರ ಮೂರು ದಿನ ಮೇಜಿನ ಮೇಲೇ ಇತ್ತು, ತಿದ್ದಪ್ಪನವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ತಪ್ಪಿದೆ ಅಂತ ಗೊತ್ತಾಗ್ತಿದೆ ಕಣೇ. ಎಲ್ಲಿ ಅಂತ ಗೊತ್ತಾಗ್ತಿಲ್ಲ" ಎಂದರು.

ಇದು ಪತ್ರದ ದೋಷವೋ, ಆ ಎಂಟು ತಿಂಗಳು ಮತ್ತೆ ಬಾಗಿಲಿಗೆ ಬಂದಿದೆಯೋ, ಹೆಂಡತಿಗೆ ತಿಳಿಯಲಿಲ್ಲ. ನಾಲ್ಕನೇ ದಿನ ಅವರನ್ನು ಎಬ್ಬಿಸಿಕೊಂಡು ವಿಮಾ ಕಚೇರಿಗೆ ಹೋದಳು.

ಕೌಂಟರಿನ ಹುಡುಗಿ ಪತ್ರದ ಮೇಲೆ ಕಣ್ಣಾಡಿಸಿ, "ಒಪ್ಪಲಾಗಿದೆ. ಆಯ್ತಲ್ಲ ಸಾರ್" ಎಂದಳು.

"ಗುಡಿಸು ಎಲ್ಲಿದೆಯಮ್ಮಾ?"

ಹುಡುಗಿ ಬಗ್ಗಿ ನೋಡಿದಳು. ಹಾಳೆಯನ್ನು ಬೆಳಕಿಗೆ ಹಿಡಿದಳು. ಕೊನೆಗೆ ಅವಳಿಗೂ ಗೊಂದಲವಾಗಿ, ಬೇಕಾದರೆ ನೀವೇ ಒಂದು ಹಾಕಿಕೊಳ್ಳಿ ಸಾರ್ ಎಂದು ನಕ್ಕಳು. ತಿದ್ದಪ್ಪನವರು ಜೇಬಿನಿಂದ ಪೆನ್ನು ತೆಗೆದರು. ಅವರು ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

"ಮೂಲಪ್ರತಿ ನೋಡದೆ ತಿದ್ದಬಾರದು."

ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು. ಅಲ್ಲಿ ಇನ್ನೊಂದು ಸಾಲಿತ್ತು, ಅಚ್ಚಾಗುವಾಗ ಬಿಟ್ಟುಹೋಗಿತ್ತು: 'ಎರಡು ವರ್ಷಗಳ ಕಾಲ ಮುಂದೂಡಲಾಗಿದೆ.' ಎರಡು ವರ್ಷ ಆರೋಗ್ಯ ಹೇಗಿರುತ್ತದೋ ನೋಡಿ ಆಮೇಲೆ ಕೊಡುತ್ತಾರಂತೆ.

ಒಂಬತ್ತು ವರ್ಷ ನೋಡಿ ಆಯಿತಲ್ಲ ಎಂದಳು ಹೆಂಡತಿ.

"ಅದು ನೀವು ನೋಡಿದ್ದಮ್ಮಾ" ಎಂದಳು ಹುಡುಗಿ, ಮೆತ್ತಗೆ.

ಬಸ್ಸಿನಲ್ಲಿ ತಿದ್ದಪ್ಪನವರು ಹಗುರಾಗಿದ್ದರು. ಸಾಲು ಬಿಟ್ಟುಹೋಗಿತ್ತು ನೋಡು, ಅದಕ್ಕೇ ಸಿಗಲಿಲ್ಲ ಎಂದು ಎರಡು ಸಲ ಹೇಳಿದರು. ನಿಲ್ದಾಣ ಹತ್ತಿರ ಬಂದಾಗ ಕೇಳಿದರು, "ನಾನು ಚೆನ್ನಾಗಿದ್ದೀನಾ?"

"ತಪ್ಪು ಕಾಣ್ತಿದೆ ತಾನೇ?"

"ಹ್ಞೂಂ."

"ಮತ್ತೆ ಇನ್ನೇನ್ರೀ?"

ಹದಿನಾಲ್ಕು ತಿಂಗಳ ಮೇಲೆ, ಬೆಳಿಗ್ಗೆ ಹತ್ತೂವರೆಗೆ, ಅಚ್ಚುಕೂಟದ ಕುರ್ಚಿಯಲ್ಲೇ ಅವರ ಹೃದಯ ನಿಂತಿತು. ಕರಡಿನ ಮೇಲೆ ಕೆಂಪು ಗೀಟೊಂದು ಅರ್ಧಕ್ಕೆ ನಿಂತಿತ್ತು.

ನೋಡಲು ಬಂದವರು ದನಿ ತಗ್ಗಿಸಿ ಕೇಳಿದರು, "ಮತ್ತೆ ಅದೇನಾ?" ಅಲ್ಲ, ಹೃದಯ ಎಂದಳು ಹೆಂಡತಿ. ಮತ್ತೊಬ್ಬರಿಗೂ ಅದನ್ನೇ ಹೇಳಿದಳು. ಐದಾರು ಜನಕ್ಕೆ ಹೇಳುವ ಹೊತ್ತಿಗೆ ತಾನು ಯಾರಿಗೆ ಉತ್ತರ ಕೊಡುತ್ತಿದ್ದೇನೆಂದು ಅವಳಿಗೇ ಗೊತ್ತಾಗಲಿಲ್ಲ. ಕಂಪನಿ ಮನಸ್ಸನ್ನು ನೋಡುತ್ತಾ ಕೂತಿತ್ತು, ಹೋದದ್ದು ಎದೆ. ಅವತ್ತು 'ಇಲ್ಲ' ಎಂದು ಬರೆದಿದ್ದರೆ ಎಂದು ತಮ್ಮ ಒಮ್ಮೆ ಬಾಯಿ ತೆರೆದ, ಅಕ್ಕನ ಮುಖ ನೋಡಿ ಮುಚ್ಚಿಕೊಂಡ. ಬರೆದಿದ್ದರೆ ಏನಾಗುತ್ತಿತ್ತು ಎಂಬುದು ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ.

ಹದಿನೈದು ದಿನದ ಮೇಲೆ ಕನ್ನಡಕ, ಪೆನ್ನು ತರಲು ಅಚ್ಚುಕೂಟಕ್ಕೆ ಹೋದಳು. ಆ ಕರಡು ಮೇಜಿನ ಮೇಲೆ ಹಾಗೇ ಇತ್ತು, ನೋಡುವವರು ಇನ್ನೂ ಸಿಕ್ಕಿಲ್ಲ ಎಂದರು ಮಾಲೀಕರು. ಅವಳು ಕುರ್ಚಿಯ ಅಂಚಿನಲ್ಲಿ ಕೂತು, ಗೀಟು ನಿಂತಲ್ಲಿಂದ ಪಿಸುದನಿಯಲ್ಲಿ ಓದಿದಳು, ಅಲ್ಪವಿರಾಮ ಪೂರ್ಣವಿರಾಮ ಸಮೇತ. ಮೂರನೇ ಸಾಲಿನಲ್ಲಿ ಏನೋ ಎಡವಿತು. ಪೆನ್ನು ಕೈಯಲ್ಲಿತ್ತು.

"ಮೂಲಪ್ರತಿ ಎಲ್ಲಿದೆ?" ಎಂದು ಕೇಳಿದಳು.

ಮಾಲೀಕರು ತಂದುಕೊಟ್ಟರು. ಮಾರನೇ ದಿನವೂ ಹೋದಳು.