ಟವಲಿನ ಕೆಳಗೆ ಕುದುರಿದ ನಿಯಾನ್ ಬೋರ್ಡು

ಹೊಸಕೋಟೆಯಲ್ಲಿ ನನ್ನದೊಂದು ಪುಟ್ಟ ನಿಯಾನ್ ಬೋರ್ಡಿನ ಅಂಗಡಿ ಇದೆ. ಬಿರಿಯಾನಿ ಹೋಟೆಲ್ಲು, ಮೊಬೈಲ್ ಅಂಗಡಿ, ಜಿಮ್ಮು, ಯಾರು ಹೇಗೆ ಕೇಳಿದರೆ ಹಾಗೆ ಮಾಡಿಕೊಡುತ್ತೇನೆ. ಈಗಿನ ನಿಯಾನಿಗೆ ಗಾಜೂ ಇಲ್ಲ, ಗ್ಯಾಸೂ ಇಲ್ಲ. ರಬ್ಬರಿನಂತೆ ಬಾಗುವ ಎಲ್‌ಇಡಿ ಪಟ್ಟಿಯನ್ನು ಅಕ್ಷರದ ಆಕಾರಕ್ಕೆ ಬಗ್ಗಿಸಿ ಅಕ್ರಿಲಿಕ್ ಹಾಳೆಯ ಮೇಲೆ ಕೂರಿಸಿದರೆ ಆಯಿತು. ಪಟ್ಟಿ ಎಷ್ಟು ಅಡಿ, ಎಷ್ಟು ಕಡೆ ಕತ್ತರಿಸಿ ಬೆಸುಗೆ ಹಾಕಬೇಕು, ಗೋಡೆಗೆ ಹತ್ತಿಸುವ ಕೂಲಿ ಎಷ್ಟು ಎಂದು ಕೂಡಿದರೆ ಬೆಲೆ ಸಿಗುತ್ತದೆ. ಸಿಕ್ಕಿದ್ದನ್ನು ಗಿರಾಕಿಯ ಮುಖಕ್ಕೇ ಹೇಳಿಬಿಡುವುದು ನನ್ನ ಅಭ್ಯಾಸ. ಚೌಕಾಸಿ ಎಂದರೆ ನನಗೆ ಸಿಟ್ಟು ಮೂಗಿನ ತುದಿಗೇ ಬರುತ್ತದೆ.

ಅಪ್ಪನಿಗೆ ಇದು ಸ್ವಲ್ಪವೂ ಸರಿಬರುತ್ತಿರಲಿಲ್ಲ. ಅಪ್ಪ ದನದ ದಲ್ಲಾಳಿ. ಸಂತೆಯಲ್ಲಿ ಟವಲಿನ ಕೆಳಗೆ ಎದುರಿನವನ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಿದ್ದವನು. ಸುತ್ತ ನಿಂತವರಿಗೆ ಇಬ್ಬರ ಮುಖ ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಅವನ ಸಂತೆ ನಿಂತುಹೋಯಿತು. ವ್ಯಾಪಾರಕ್ಕೆ ಎಡಗೈ ಚಾಚುವಂತಿಲ್ಲವಲ್ಲ! ಮನೆಯಲ್ಲಿ ಕೂತು ಮಂಕಾಗುತ್ತಿದ್ದವನನ್ನು ನೋಡಲಾರದೆ ಅಂಗಡಿಗೆ ಕರೆತಂದೆ. ಇಲ್ಲೂ ಅವನಿಗೆ ಕೆಲಸವಿರಲಿಲ್ಲ. ತಾನೂ ಬೇಕಾದವನು ಅನ್ನಿಸಿಕೊಳ್ಳುವುದಕ್ಕೆ ಅವನು ಒದ್ದಾಡುವುದು ನನಗೆ ಕಾಣುತ್ತಿತ್ತು.

"ರೇಟ್ನ ಹಂಗೆ ಎಲ್ರ ಮುಂದೆ ಕೂಗ್ತಾರೇನೇ? ಅವ್ನತ್ರ ಅಷ್ಟಿಲ್ದಿದ್ರೆ ಮುಖ ಎಲ್ಲಿಟ್ಕೊಳ್ತಾನೆ?" ಎಂದು ಗದರುತ್ತಿದ್ದ.

"ಇದು ಎತ್ತಲ್ಲ ಕಣಪ್ಪ, ಲೈಟು."

"ಲೈಟಾದ್ರೇನು, ಕೊಳ್ಳೋನು ಮನ್ಷ ತಾನೆ?"

ಒಂದು ಮಧ್ಯಾಹ್ನ ನಂದಗುಡಿ ಕಡೆಯ ರೈತರೊಬ್ಬರು ಸೊಸೆಯನ್ನು ಕರೆದುಕೊಂಡು ಬಂದರು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ತೆಗೆಯುವವಳಿದ್ದಳು. ಗುಲಾಬಿ ಬಣ್ಣದ ಅಕ್ಷರ ಬೇಕು, ಪಕ್ಕದಲ್ಲಿ ಹೆಂಗಸಿನ ಮುಖ ಬೇಕು, ಅವಳ ಜಡೆಯೂ ಬೇಕು ಎಂದು ಫೋನಿನಲ್ಲಿ ಒಂದೊಂದೇ ತೋರಿಸುತ್ತಿದ್ದರೆ, ಮಾವ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ನಾನು ಬೆಲೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಎದ್ದು ಬಂದ.

"ನೀವು ನಂಗೆ ಜೋಡಿ ಹೋರಿ ಕೊಡಿಸಿದ್ರಲ್ವೇನಣ್ಣಾ!" ಎಂದರು ಅವರು, ಅಪ್ಪನ ಗುರುತು ಹಿಡಿದು.

"ಹಂಗಾದ್ರೆ ಟವಲ್ ತಗಿ" ಎಂದ ಅಪ್ಪ.

ನಾನು ಬೇಡವೆನ್ನುವ ಮೊದಲೇ ಅಪ್ಪ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಟವಲಿನ ಕೆಳಗೆ ಇಟ್ಟಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಅಪ್ಪನ ಹಣೆಯಲ್ಲಿ ಬೆವರು ಮೂಡಿತು. ಆ ರೈತರು ಆಗುವುದಿಲ್ಲ ಎಂಬಂತೆ ತಲೆಯಾಡಿಸಿದರು, ಆಮೇಲೆ ನಕ್ಕರು.

"ಆಯ್ತು ಬಿಡಣ್ಣ, ನಿಮ್ಮ ಮಾತೇ ಇರ್ಲಿ."

ಅವರು ಹೋದ ಮೇಲೆ ಎಷ್ಟಕ್ಕೆ ಒಪ್ಪಿಕೊಂಡೆ ಎಂದು ಅಪ್ಪನನ್ನು ಕೇಳಿದೆ. ಟವಲಿನೊಳಗಿನ ರೇಟು ಹೊರಗೆ ಬರಬಾರದು ಎಂದ. ಗೋಗರೆದೆ, ರೇಗಿದೆ, ಬೋರ್ಡೇ ಮಾಡುವುದಿಲ್ಲ ಎಂದು ಹೆದರಿಸಿದೆ. ಊಹೂಂ. ಅವತ್ತು ರಾತ್ರಿ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡು ಉಂಡ. ಎಷ್ಟೋ ದಿನಗಳಿಂದ ಹಾಗೆ ಉಂಡಿರಲಿಲ್ಲ. ನಷ್ಟವಾದರೆ ಆಗಲಿ ಎಂದು ಪಟ್ಟಿ ತರಿಸಿ ಕೆಲಸ ಶುರುಮಾಡಿದೆ.

ಬೋರ್ಡು ಹಾಕಲು ಲಗೇಜ್ ಆಟೋದಲ್ಲಿ ಹೊರಟಾಗ ಅಪ್ಪನೂ ಹಟ ಹಿಡಿದು ಬಂದ. ಸ್ವಿಚ್ ಹಾಕಿದೊಡನೆ ಗೋಡೆಯ ತುಂಬ ಗುಲಾಬಿ ಬೆಳಕು. ಸೊಸೆ ಚಪ್ಪಾಳೆ ತಟ್ಟಿ ಅಪ್ಪನಿಗೆ ಕಾಫಿ ತಂದುಕೊಟ್ಟಳು. ಅವಳ ಮಾವ ನನ್ನನ್ನು ಕೊಟ್ಟಿಗೆಯ ಪಕ್ಕಕ್ಕೆ ಕರೆದರು.

"ನಿಮ್ಮಪ್ಪನ ಬೆರಳು ಒಂದೂ ಮಡಚ್ಲಿಲ್ಲ ಕಣಮ್ಮ. ಸುಮ್ನೆ ನನ್ನ ಕೈ ಮೇಲೆ ಬಿದ್ದಿತ್ತು. ಎಷ್ಟೂಂತ ನಂಗೂ ಗೊತ್ತಾಗ್ಲಿಲ್ಲ. ಸೊಸೆ ಮುಂದೆ ಬೇಡ ಅಂತ ಇಲ್ಲಿಗೆ ಕರ್ದೆ. ನೀನೇ ಹೇಳು, ಕೊಡ್ತೀನಿ. ಅವ್ರಿಗೆ ಮಾತ್ರ ತಿಳೀಬಾರ್ದು."

ಕೂಲಿ ಬಿಟ್ಟು, ಸಾಮಾನಿಗೆ ಎಷ್ಟಾಗಿತ್ತೋ ಅಷ್ಟನ್ನೇ ಮೆಲ್ಲಗೆ ಹೇಳಿದೆ. ಅವರು ಕೂಲಿ ಎಷ್ಟೆಂದು ಕೇಳಿ, ಅದನ್ನೂ ಸೇರಿಸಿಯೇ ಕೈಗಿಟ್ಟರು. ಬೇಡವೆಂದರೂ ಕೇಳಲಿಲ್ಲ.

ವಾಪಸು ಬರುವಾಗ ಅಪ್ಪ ಬಹಳ ಹೊತ್ತು ರಸ್ತೆಯನ್ನೇ ನೋಡುತ್ತಿದ್ದ. ಹೊಸಕೋಟೆ ಹತ್ತಿರವಾದಾಗ, ನನ್ನ ಕಡೆ ತಿರುಗದೆಯೇ ಕೇಳಿದ:

"ಎಷ್ಟಕ್ಕಾಯ್ತು ಮಗಾ, ನಮ್ಮ ವ್ಯಾಪಾರ?"

ಅವನಿಗೂ ಗೊತ್ತಿರಲಿಲ್ಲ. ಅಷ್ಟು ದಿನ ಗುಟ್ಟು ಎಂದು ಬಿಗಿಯಾಗಿ ಕೂತಿದ್ದು ಅದಕ್ಕೇ. ಡ್ರೈವರಿಗೆ ಕೇಳಿಸದಂತೆ ಅವನ ಕಿವಿಗೆ ಬಾಗಿ ಹೇಳಿದೆ. ಅಪ್ಪ ಸ್ವಲ್ಪ ಯೋಚಿಸಿ ತಲೆದೂಗಿದ.

"ಪರ್ವಾಗಿಲ್ಲ, ಒಳ್ಳೇ ರೇಟೇ ಹೇಳಿದ್ದೀನಿ."